ಹುಣಸೆಹಣ್ಣಿನಲ್ಲಿ ತೊಳೆದ ಪಿಸ್ಟನ್

ಆಂಧ್ರಪ್ರದೇಶವಾಗಿ ಎರಡು ವರ್ಷ ಕಳೆದಿದ್ದ ಆ ಕಾಲದಲ್ಲಿ ಕಲ್ಯಾಣದುರ್ಗದಲ್ಲಿ ಇದ್ದದ್ದು ಎರಡೇ ಹಿಟ್ಟಿನ ಗಿರಣಿ. ಸಂತೆ ಮೈದಾನದ ಪಕ್ಕದ್ದು ಲಿಂಗಣ್ಣನದು, ಬಸ್ ಸ್ಟ್ಯಾಂಡ್ ಕಡೆಯದು ಆದಿನಾರಾಯಣನದು. ಎರಡರಲ್ಲೂ ರಾಗಿ ಸುರಿದರೆ ರಾಗಿ ಹಿಟ್ಟೇ ಬೀಳುತ್ತಿತ್ತು. ಆದರೆ ಈ ಮಾತನ್ನು ಲಿಂಗಣ್ಣನ ಎದುರಿಗೆ ಆಡುವ ಧೈರ್ಯ ಯಾರಿಗೂ ಇರಲಿಲ್ಲ.

ಲಿಂಗಣ್ಣನ ಇಂಜಿನ್ನು ಸೀಮೆಯದು, ಹಡಗಿನಲ್ಲಿ ಬಂದದ್ದು. ಆದಿನಾರಾಯಣನದೂ ಹಡಗಿನಲ್ಲೇ ಬಂದದ್ದು. ಆದರೆ ಅದರ ಪಿಸ್ಟನ್ನು ಸವೆದಾಗ ಅವನು ಹಿಂದೆಮುಂದೆ ನೋಡದೆ ಲೋಕಲ್ ಮಾಲು ಹಾಕಿಸಿಬಿಟ್ಟಿದ್ದ. ಲಿಂಗಣ್ಣನಿಗೆ ಅಷ್ಟೇ ಬೇಕಾಗಿತ್ತು. ಅಂದಿನಿಂದ ಹನ್ನೊಂದು ವರ್ಷ, ಗಿರಣಿಗೆ ಬಂದ ಪ್ರತಿ ಹೆಂಗಸಿಗೂ ಅವನು ಒಂದೇ ಉಪನ್ಯಾಸ ಕೊಡುತ್ತಾ ಬಂದಿದ್ದ.

“ನೋಡಮ್ಮ, ಲೋಕಲ್ ಪಿಸ್ಟನ್ನು ಒಂದೇ ಸಮ ಎಳೆಯಲ್ಲ. ಅದು ಎಳೆಯೋ ಹಂಗೇ ಕಲ್ಲು ತಿರುಗ್ತದೆ, ಕಲ್ಲು ತಿರುಗೋ ಹಂಗೇ ಹಿಟ್ಟು ಬೀಳ್ತದೆ. ಆ ಹಿಟ್ಟಲ್ಲಿ ಮುದ್ದೆ ತೊಳಸಿದ್ರೆ ಗಂಟು ಕಟ್ದೆ ಇನ್ನೇನು ಮಾಡ್ತದೆ?”

ಮುದ್ದೆ ಗಂಟು ಕಟ್ಟುವುದಕ್ಕೆ ತಮ್ಮ ಕೈ ಕಾರಣವಲ್ಲ, ಆದಿನಾರಾಯಣನ ಪಿಸ್ಟನ್ನು ಕಾರಣ ಎಂಬ ಈ ಸಿದ್ಧಾಂತ ಊರಿನ ಸೊಸೆಯರಿಗೆಲ್ಲ ಬಹಳ ಹಿಡಿಸಿತು. ಅತ್ತೆಯಂದಿರು ಮೊದಮೊದಲು ಗೊಣಗಿದರು, ಆಮೇಲೆ ಅವರೂ ರಾಗಿ ಡಬ್ಬವನ್ನು ಲಿಂಗಣ್ಣನ ಗಿರಣಿಗೇ ಕಳಿಸತೊಡಗಿದರು. ಹೀಗೆ ಲಿಂಗಣ್ಣನ ಸಂಸಾರ ನಡೆಯುತ್ತಿದ್ದದ್ದು ಅರ್ಧ ಇಂಜಿನ್ನಿನಿಂದ, ಅರ್ಧ ಉಪನ್ಯಾಸದಿಂದ.

ಸಂತೆಗೆ ಇನ್ನು ಐದು ದಿನ ಇದೆ ಎನ್ನುವಾಗ ಆ ಇಂಜಿನ್ನು ಎರಡು ಸಲ ಕೆಮ್ಮಿ, ಒಂದು ಸಲ ಕಿರುಚಿ, ನಿಂತುಹೋಯಿತು. ಮೆಕಾನಿಕ್ ಬೈರಣ್ಣ ಬಂದು ಬಿಚ್ಚಿ ನೋಡಿ, ಕೈ ಒರೆಸಿಕೊಳ್ಳುತ್ತಾ ತೀರ್ಪು ಕೊಟ್ಟ.

“ಪಿಸ್ಟನ್ ಕಚ್ಕಂಡ್ಬುಟ್ಟೈತೆ ಸಾವ್ಕಾರ್ರೆ. ರಿಂಗೂ ಹೋಗವೆ. ಹಿಂದೂಪುರಕ್ಕೋಗಿ ಲೋಕಲ್ದು ಒಂದು ತಗಂಡ್ ಬನ್ನಿ, ಸಂತೆ ಹೊತ್ಗೆ ಎಬ್ಬಿಸ್ಕೊಡ್ತೀನಿ.”

ಲಿಂಗಣ್ಣ ಓಡಿಹೋಗಿ ಗಿರಣಿಯ ಬಾಗಿಲು ಹಾಕಿ ಬಂದ. “ಮೆಲ್ಲಗೆ ಮಾತಾಡೋ ಬೈರ! ಲೋಕಲ್ದು ಅಂತ ಇನ್ನೊಂದ್ಸಲ ಅಂದೀಯ!”

“ಅನ್ನಲ್ಲ ಬುಡಿ. ಆದ್ರೆ ತಗಂಡ್ ಬನ್ನಿ.”

ಲಿಂಗಣ್ಣನ ಕಷ್ಟ ಸಣ್ಣದೇನಲ್ಲ. ಸಂತೆಗೆ ಸುತ್ತಲ ಹಳ್ಳಿಯವರೆಲ್ಲ ರಾಗಿ ಹೊತ್ತು ಬರುತ್ತಾರೆ. ಅವತ್ತು ಗಿರಣಿ ಮುಚ್ಚಿದ್ದರೆ ಅವರು ಆದಿನಾರಾಯಣನ ಹತ್ತಿರ ಹೋಗುತ್ತಾರೆ. ಹೋಗಿ, ಆ ಹಿಟ್ಟಿನಲ್ಲಿ ಮುದ್ದೆ ತೊಳಸಿ, ಅದು ಗಂಟು ಕಟ್ಟದೆ ನುಣ್ಣಗೆ ಬಂದದ್ದನ್ನು ನೋಡಿಬಿಟ್ಟರೆ ಹನ್ನೊಂದು ವರ್ಷದ ಉಪನ್ಯಾಸ ಒಂದೇ ಊಟಕ್ಕೆ ಮುಗಿದಂತೆ. ಅದೇ, ತನ್ನ ಇಂಜಿನ್ನಿಗೇ ಲೋಕಲ್ ಮಾಲು ಹಾಕಿಸಿದ್ದು ಗೊತ್ತಾದರೆ? ಮುಗಿಯುವುದಕ್ಕೆ ಊಟದ ಹೊತ್ತೂ ಬೇಕಾಗಿಲ್ಲ.

ಪೆನುಕೊಂಡೆಯಲ್ಲಿ ಬಸ್ಸು ಬದಲಾಯಿಸಿ ಅವನು ಹಿಂದೂಪುರ ಸೇರಿದ. ಅಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಸೋಮಶೇಖರಪ್ಪ ಅವನ ಷಡ್ಡಕ. ಈ ಮಹಾನುಭಾವರ ಗಡಿಯಾರ ಒರಿಜಿನಲ್ಲು, ಕೊಡೆ ಒರಿಜಿನಲ್ಲು, ಕೋಟಿನ ಗುಂಡಿ ಒರಿಜಿನಲ್ಲು. ಬಾಯಲ್ಲಿದ್ದ ಹಲ್ಲು ಮಾತ್ರ ಅಲ್ಲ, ಅದನ್ನೂ ಮದ್ರಾಸಿನಲ್ಲೇ ಕಟ್ಟಿಸಿದ್ದರು.

“ಲೋಕಲ್ಲಾ?” ಎಂದು ಅವರು ಎದ್ದು ನಿಂತರು. “ನಮ್ಮ ಮಾವನೋರ ಮನೆಯ ಅಳಿಯ ಆಗಿ ಲೋಕಲ್ ಹಾಕ್ಸಿದ್ರೆ ನಾಳೆ ನಾನು ಮಂಡೀಲಿ ತಲೆ ಎತ್ಕಂಡು ತಿರುಗೋದೆಂಗೆ? ನಡೀರಿ ಅಂಗಡಿಗೆ.”

ಅಂಗಡಿಯವನು ಎರಡು ಪಿಸ್ಟನ್ ತಂದು ಮೇಜಿನ ಮೇಲಿಟ್ಟ. ಒರಿಜಿನಲ್ಲು ಮರದ ಪೆಟ್ಟಿಗೆಯೊಳಗೆ, ಹುಲ್ಲಿನ ಮೆತ್ತೆಯ ಮೇಲೆ, ಮೇಣದ ಕಾಗದ ಸುತ್ತಿಕೊಂಡು, ಮೈತುಂಬ ಗ್ರೀಸು ಬಳಿದುಕೊಂಡು ಮಲಗಿತ್ತು. ಲೋಕಲ್ಲು ಹಳೆಯ ತೆಲುಗು ಪೇಪರಿನಲ್ಲಿತ್ತು. ಬಿಚ್ಚಿ ಪಕ್ಕಪಕ್ಕ ಇಟ್ಟ ಮೇಲೆ ಲಿಂಗಣ್ಣನಿಗೆ ಯಾವುದು ಯಾವುದೆಂದು ತಿಳಿಯಲಿಲ್ಲ.

“ರೆಂಡೂ ಒಕಟೇ ಸಾರ್” ಎಂದ ಅಂಗಡಿಯವನು. ಸೋಮಶೇಖರಪ್ಪನವರು ಅವನನ್ನು ದುರುಗುಟ್ಟಿ ನೋಡಿದರು. “ಅಂಟೇ, ಚೂಡಡಾನಿಕಿ ಒಕಟೇ” ಎಂದು ಅವನು ತಿದ್ದಿಕೊಂಡ. ಎರಡೂ ಒಂದೇ ಎಂದವನು, ಬರೀ ನೋಡುವುದಕ್ಕೆ ಒಂದೇ ಎನ್ನುವಷ್ಟಕ್ಕೆ ಇಳಿದ.

ಲಿಂಗಣ್ಣ ಎರಡು ಕೈಯಲ್ಲೂ ಒಂದೊಂದು ಹಿಡಿದು ತೂಗಿದ. ಬೆರಳಿನಿಂದ ಬಡಿದು ಕಿವಿಗಿಟ್ಟುಕೊಂಡ. ಮೂಸಿಯೂ ನೋಡಿದ. ಒಂದು ಕಡೆ ಬೈರಣ್ಣನ ಮಾತು, ಇನ್ನೊಂದು ಕಡೆ ಷಡ್ಡಕನ ಕಣ್ಣು. ಕೊನೆಗೆ ಎಂಥ ದೊಡ್ಡ ಪ್ರಶ್ನೆಗೂ ತಾನು ಯಾವಾಗಲೂ ಕೊಡುತ್ತಿದ್ದ ಉತ್ತರವನ್ನೇ ಕೊಟ್ಟ: “ಎರಡೂ ಇರ್ಲಿ.”

“ಬೇಡಾದ್ದು ವಾಪಸ್ ತಗಂಡ್ ಬನ್ನಿ” ಎಂದು ಅಂಗಡಿಯವನು ಎರಡಕ್ಕೂ ಸೇರಿಸಿ ಒಂದೇ ರಸೀದಿ ಬರೆದುಕೊಟ್ಟ.

ಲೋಕಲ್ ಪಿಸ್ಟನ್ನು ಚೀಲದ ತಳದಲ್ಲಿ, ಪಂಚೆಯ ಕೆಳಗೆ ಕಣ್ಮರೆಯಾಯಿತು; ಊರಿಗೆ ಬಂದ ಮೇಲೂ ಅದನ್ನು ಕಂಡವನು ಬೈರಣ್ಣನೊಬ್ಬನೇ. ಪೆಟ್ಟಿಗೆ ಮಾತ್ರ ಲಿಂಗಣ್ಣನ ತೊಡೆಯ ಮೇಲೆ ಕೂತು ಊರಿಗೆ ಬಂತು. ಕಂಡಕ್ಟರು ಏನೆಂದು ಕೇಳಿದ, ಲಿಂಗಣ್ಣ ಹೇಳಿದ. ದಾರಿಯುದ್ದಕ್ಕೂ ಹತ್ತಿದವರು, ಇಳಿದವರು ಎಲ್ಲರಿಗೂ ಕಂಡಕ್ಟರು ಹೇಳಿದ. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ, ಆದಿನಾರಾಯಣನ ಗಿರಣಿಯ ಎದುರಿಗೇ, “ಜೋಪಾನ ಸ್ವಾಮಿ! ಸೀಮೆ ಪಿಸ್ಟನ್ನು!” ಎಂದು ಅವನು ಕೂಗಿದ್ದು ಲಿಂಗಣ್ಣನ ಕಿವಿಗೆ ಜೇನು ಸುರಿದಂತಾಯಿತು. ಆದಿನಾರಾಯಣ ಹಿಟ್ಟಿನ ಮೈಯಲ್ಲೇ ಹೊರಗೆ ಬಂದು ನೋಡಿ ಒಳಗೆ ಹೋದ.

ಮರುದಿನವೆಲ್ಲ ಲಿಂಗಣ್ಣನ ಮನೆಗೆ ಜನವೋ ಜನ. ಹೊಸ ಮಗು ಹುಟ್ಟಿದ ಮನೆಗೆ ಬರುವ ಹಾಗೆ ಬಂದರು. ಲಿಂಗಣ್ಣ ಪೆಟ್ಟಿಗೆಯ ಮುಚ್ಚಳ ತೆಗೆದು, ಮೇಣದ ಕಾಗದ ಸರಿಸಿ, ಎಲ್ಲರಿಗೂ ಅಷ್ಟಷ್ಟೇ ತೋರಿಸಿದ. ಸಂಜೆಯ ಹೊತ್ತಿಗೆ ಊರಲ್ಲಿ ಪಿಸ್ಟನ್ನು ಬೆಳೆದು ಪೂರಾ ಇಂಜಿನ್ನಾಗಿತ್ತು. ಅದನ್ನು ಬಿಗಿಯಲು ಸೀಮೆಯ ಇಂಜಿನಿಯರು ರೈಲು ಹತ್ತಿದ್ದಾನೆ ಎಂದು ಕಾಫಿ ಹೋಟೆಲಿನಲ್ಲಿ ಸುದ್ದಿ. ಲಿಂಗಣ್ಣ ಈ ಸುದ್ದಿಯನ್ನು ಹೌದೆನ್ನಲಿಲ್ಲ, ಅಲ್ಲವೆನ್ನುವಷ್ಟು ಕಲ್ಲು ಮನಸ್ಸೂ ಅವನದಾಗಿರಲಿಲ್ಲ. ಇನ್ನೊಂದು ಕಾಫಿ ತರಿಸಿದ.

ಅವನು ಹೋಟೆಲಿನಲ್ಲಿದ್ದ ಆ ಹೊತ್ತಿನಲ್ಲೇ ಮನೆಯಲ್ಲಿ ಆಗಬಾರದ್ದು ಆಯಿತು.

ಹೊಸ ಕಬ್ಬಿಣ ಯಂತ್ರಕ್ಕೆ ಹೋಗುವ ಮುಂಚೆ ಅದಕ್ಕೆ ಪೂಜೆಯಾಗಬೇಕು. ಇದು ಆ ಮನೆಯ ಪದ್ಧತಿ, ತಪ್ಪೇನಿಲ್ಲ. ಹೆಂಡತಿ ಸರ್ವಮಂಗಳಮ್ಮ ಮಡಿಯುಟ್ಟು ವಿಭೂತಿ ಹಚ್ಚಲು ಹೋದರೆ ಗ್ರೀಸಿನ ಮೇಲೆ ವಿಭೂತಿ ನಿಲ್ಲಲೊಲ್ಲದು. ಮೂರು ಸಲ ಬಳಿದರು, ಮೂರು ಸಲವೂ ಜಾರಿತು.

“ಇಷ್ಟು ಜಿಡ್ಡಿದ್ರೆ ದೇವ್ರು ಒಪ್ತಾನೇನಕ್ಕಾ?” ಎಂದಳು ಪಕ್ಕದ ಮನೆಯ ಕೊಂಡಮ್ಮ. “ತಗಾ ಇತ್ಲಾಗೆ, ತೊಳೆದ್ಬುಡನ.”

ಆ ಊರಲ್ಲಿ ಜಿಡ್ಡು ತೊಳೆಯುವ ಶಾಸ್ತ್ರ ಎಲ್ಲರಿಗೂ ಗೊತ್ತಿದ್ದದ್ದೇ. ಸೀಗೆಕಾಯಿ ಹಾಕಿ ಒಂದು ಸಲ, ಬೂದಿ ಹಾಕಿ ಒಂದು ಸಲ, ಹುಣಸೆಹಣ್ಣು ಹಾಕಿ ಗಸಗಸ ಇನ್ನೊಂದು ಸಲ. ಪಿಸ್ಟನ್ನು ಬೆಳ್ಳಿಯ ತಂಬಿಗೆಯ ಹಾಗೆ ಫಳಫಳ ಹೊಳೆಯಿತು. ಅದರ ಸೊಂಟಕ್ಕೆ ಸುತ್ತಿದ್ದ ರಿಂಗುಗಳ ಸಂದಿಯಲ್ಲಿ ಇನ್ನೂ ಜಿಡ್ಡಿತ್ತು. ಗಟ್ಟಿ ಬಳೆ ತೆಗೆಯುವ ಹಾಗೆ ತೆಗೆದರಾಯಿತೆಂದು ಕೊಂಡಮ್ಮ ಒಂದನ್ನು ಹಿಡಿದು ಅಗಲಿಸಿದಳು. ‘ಟಕ್’ ಎಂದಿತು. ಎರಡನೆಯದೂ ‘ಟಕ್’ ಎಂದಿತು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಸರ್ವಮಂಗಳಮ್ಮ ಅವಳ ಕೈ ಹಿಡಿದರು.

“ಸಾರು ಒಲೆ ಮೇಲೈತೆ, ಬತ್ತೀನಕ್ಕಾ” ಎಂದು ಕೊಂಡಮ್ಮ ಹೋದವಳು ಆ ದಿನ ಮತ್ತೆ ಕಾಣಲಿಲ್ಲ.

ತೊಳೆದ ಪಿಸ್ಟನ್ನು ವಿಭೂತಿ, ಕುಂಕುಮ, ಹೂವು ಹೊತ್ತು ದೇವರ ಮನೆಯಲ್ಲಿ ಒದ್ದೆ ಬಾಳೆಲೆಯ ಮೇಲೆ ಕೂತಿತು. ಬೆಳಿಗ್ಗೆ ಲಿಂಗಣ್ಣ ಕೈ ಮುಗಿಯಲು ಹೋದರೆ ಬಾಳೆಲೆಯ ಮೇಲೆ ಕೂತಿದ್ದದ್ದು ಕೆಂಪು ತುಕ್ಕಿನ ಮುದ್ದೆ.

“ಬೆಳ್ಳಂಬೆಳಗ್ಗೆ ಕಿರುಚ್ಬ್ಯಾಡ್ರೀ, ಅಕ್ಕಪಕ್ಕದೋರು ಬರ್ತಾರೆ” ಎಂದರು ಸರ್ವಮಂಗಳಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಂಡು. “ಒಳ್ಳೇದಾಗ್ಲಿ ಅಂತ ಮಾಡಿದ್ದಲ್ವಾ?”

ಲಿಂಗಣ್ಣನಿಗೂ ಅಳು ಬಂತು. ಹೆಂಡತಿಯನ್ನು ಬಯ್ಯಲು ಬಾಯಿ ಬರಲಿಲ್ಲ. ದೇವರನ್ನು ಬಯ್ಯುವ ಹಾಗಿಲ್ಲ. ಉಳಿದವನು ಬೈರಣ್ಣ. ಅವನು ತುಕ್ಕನ್ನು ಉಗುರಿನಿಂದ ಕೆರೆದು, ಮುರಿದ ರಿಂಗು ಎತ್ತಿ ನೋಡಿ, ಬಯ್ಯಿಸಿಕೊಳ್ಳಲು ಸಮಯವಿಲ್ಲ ಎಂದ.

“ಇದನ್ನ ಹಾಕಿದ್ರೆ ಇಂಜಿನ್ ಒಳಗಿನ ಬೋರೆಲ್ಲ ಗೀಚ್ಕಂಡೋಯ್ತದೆ. ನಾಳೆ ಸಂತೆ. ಆ ಇನ್ನೊಂದು ತಂದೀರಲ್ಲ, ಪಂಚೆ ಕೆಳಗಿಂದು, ಅದನ್ನ ಕೊಡಿ ಇತ್ಲಾಗೆ.”

ಗಿರಣಿಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಕೊಂಡು ಬೈರಣ್ಣ ಅವತ್ತೆಲ್ಲ ದುಡಿದ. ಲಿಂಗಣ್ಣ ಹೊರಗೆ ಕಟ್ಟೆಯ ಮೇಲೆ ಕೂತು, ಒಳಗೆ ಸೀಮೆಯ ಕೆಲಸ ನಡೆಯುತ್ತಿದೆ ಎಂದು ಬಂದವರನ್ನೆಲ್ಲ ಸಾಗಹಾಕಿದ.

ಸಂತೆಯ ಬೆಳಿಗ್ಗೆ ಬೈರಣ್ಣ ಚಕ್ರಕ್ಕೆ ಹ್ಯಾಂಡಲ್ ಹಾಕಿ ತಿರುವಿದ. ಲೋಕಲ್ ಪಿಸ್ಟನ್ನು, ಹನ್ನೊಂದು ವರ್ಷ ಅನುಭವಿಸಿದ ಅವಮಾನವನ್ನೆಲ್ಲ ಮರೆತು, ಮೊದಲನೇ ಸುತ್ತಿಗೇ ಟುಕ್ ಟುಕ್ ಎಂದು ಎದ್ದಿತು. ಹೊಗೆಯಿಲ್ಲ, ಕೆಮ್ಮಿಲ್ಲ. ಗಿರಣಿಯ ಮುಂದೆ ಡಬ್ಬಗಳ ಸಾಲು ಬೀದಿಯ ತಿರುವಿನವರೆಗೂ ಬೆಳೆಯಿತು.

“ಕೇಳ್ರಪ್ಪ ಸೌಂಡು!” ಎಂದ ಸಾಲಿನಲ್ಲಿದ್ದ ಶೆಟ್ಟೂರು ಕಡೆಯ ಗಿರಿಯಪ್ಪ. “ಒರಿಜಿನಲ್ಲು ಅಂದ್ರೆ ಹಿಂಗಿರ್ಬೇಕು. ಮೈಲಿ ದೂರದಿಂದಾನೇ ಗೊತ್ತಾಯ್ತದೆ.”

ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದ ಹೆಂಗಸರು ಮುಖ ಮುಖ ನೋಡಿಕೊಂಡು ತಲೆದೂಗಿದರು. ಇಷ್ಟು ನುಣ್ಣನೆಯ ಹಿಟ್ಟು ಹಳೆಯ ಪಿಸ್ಟನ್ನಿನಲ್ಲೂ ಬಿದ್ದಿರಲಿಲ್ಲವಂತೆ. ಲಿಂಗಣ್ಣ ನಗಲೂ ಆಗದೆ ಅಳಲೂ ಆಗದೆ ರಾಗಿ ಸುರಿಯುತ್ತಿದ್ದ.

ಅಷ್ಟರಲ್ಲಿ ಗಿರಣಿಗಳ ಲೈಸೆನ್ಸು ನೋಡುವ ಇನ್‌ಸ್ಪೆಕ್ಟರು ವೆಂಕಟರಾಯಪ್ಪನವರು ಸೈಕಲ್ಲಿನಿಂದ ಇಳಿದರು. ಸೀಮೆಯ ಇಂಜಿನ್ನು ಬಂದಿದೆ, ಇಂಜಿನಿಯರು ಬಂದಿದ್ದಾನೆ ಎಂಬ ಸುದ್ದಿ ಅವರ ಕಿವಿಗೂ ಬಿದ್ದಿತ್ತು.

“ಏಮಯ್ಯಾ ಲಿಂಗಣ್ಣಾ, ಫಾರಿನ್ ಸರುಕಂಟ. ಪರ್ಮಿಟ್ ಉಂದಾ?”

ಸೀಮೆಯ ಸರಕಂತಲ್ಲ, ಪರ್ಮಿಟ್ ಇದೆಯೇ ಎಂಬ ಪ್ರಶ್ನೆ ಕೇಳಿ ಲಿಂಗಣ್ಣ ರಾಗಿ ಸುರಿಯುವುದನ್ನು ನಿಲ್ಲಿಸಿದ. ಹೊರದೇಶದ ಸಾಮಾನು ತರಿಸಲು ಡೆಲ್ಲಿಯಿಂದ ಕಾಗದ ಬೇಕು, ಇಲ್ಲದವರನ್ನು ಒಳಗೆ ಹಾಕುತ್ತಾರೆ ಎಂದು ಅದೇ ಕಾಫಿ ಹೋಟೆಲಿನಲ್ಲಿ ಯಾರೋ ಪೇಪರು ಓದಿ ಹೇಳಿದ್ದರು. ಎದುರಿಗೆ ಇನ್‌ಸ್ಪೆಕ್ಟರು, ಹಿಂದೆ ಐವತ್ತು ಡಬ್ಬ. ಒರಿಜಿನಲ್ಲು ಅಂದರೆ ಜೈಲು. ಲೋಕಲ್ಲು ಅಂದರೆ ಗಿರಣಿಗೆ ಬೀಗ. ಲಿಂಗಣ್ಣ ಅತ್ತ ನೋಡಿದ, ಇತ್ತ ನೋಡಿದ. ಈ ಪ್ರಶ್ನೆಗೆ ಎರಡೂ ಇರಲಿ ಎನ್ನುವ ಹಾಗಿರಲಿಲ್ಲ.

“ಲೋಕಲಂಡಿ” ಎಂದ, ಸಣ್ಣ ದನಿಯಲ್ಲಿ.

ಇಂಜಿನ್ನಿನ ಸದ್ದಿನಲ್ಲಿ ಇನ್‌ಸ್ಪೆಕ್ಟರಿಗೆ ಕೇಳಿಸಲಿಲ್ಲ. “ಏಮಿ?”

“ಲೋಕಲ್ಲು ಸ್ವಾಮಿ! ಲೋಕಲ್ ಪಿಸ್ಟನ್ನು!” ಎಂದು ಲಿಂಗಣ್ಣ ಗಂಟಲು ಹರಿಯುವಂತೆ ಕೂಗಿದ. ಕೂಗಿ ಕಣ್ಣು ಮುಚ್ಚಿಕೊಂಡ. ಈಗ ಡಬ್ಬಗಳು ಒಂದೊಂದಾಗಿ ಎದ್ದು ಬಸ್ ಸ್ಟ್ಯಾಂಡಿನ ಕಡೆ ಹೊರಡುವ ಸದ್ದಿಗಾಗಿ ಕಾದ.

ಕೇಳಿಸಿದ್ದು ನಗು. ಕಣ್ಣು ತೆರೆದರೆ ಇಡೀ ಸಾಲು ಅವನನ್ನು ಮೆಚ್ಚಿಗೆಯಿಂದ ನೋಡುತ್ತಿತ್ತು. ಗಿರಿಯಪ್ಪ ಪಕ್ಕದವನನ್ನು ತಿವಿದ. “ನೋಡ್ಲಾ, ಆಪೀಸ್ರು ಬಂದ್ರೆ ಹೆಂಗೆ ಮಾತು ತಿರುಗಿಸ್ಬುಟ್ಟ! ಸಾವ್ಕಾರಿಕೆ ಅಂದ್ರೆ ಇದು ಕಣ್ಲಾ.”

“ನಿಜವಾಗ್ಲೂ ಲೋಕಲ್ಲು ಕಣ್ರಪ್ಪ!” ಎಂದ ಲಿಂಗಣ್ಣ, ಈಗ ಸಾಲಿನ ಕಡೆ ತಿರುಗಿ. ಯಾಕೆ ಹೇಳಿದನೋ ಅವನಿಗೇ ತಿಳಿಯದು. ಒಂದು ಸಲ ನಿಜ ಹೊರಬಿದ್ದ ಮೇಲೆ ಅದಕ್ಕೆ ತಡೆಯಿರಲಿಲ್ಲ. “ಬೈರಣ್ಣನ್ನೇ ಕೇಳಿ!”

“ಹೌದು, ಲೋಕಲ್ದೇ. ನಾನೇ ಹಾಕಿದ್ದು” ಎಂದ ಬೈರಣ್ಣ.

“ಸಂಬಳ ಕೊಡೋರು ಹೇಳ್ಕೊಟ್ಟಂಗೆ ಹೇಳ್ತಾನೆ” ಎಂದಿತು ಸಾಲು.

ಲಿಂಗಣ್ಣ ಮನೆಗೆ ಓಡಿ, ಅಟ್ಟದಿಂದ ಮರದ ಪೆಟ್ಟಿಗೆ ಇಳಿಸಿ, ರಸೀದಿಯ ಸಮೇತ ತಂದು ಎಲ್ಲರ ನಡುವೆ ಮುಚ್ಚಳ ತೆಗೆದ. “ನೋಡ್ರಿ! ಒರಿಜಿನಲ್ಲು ಇಲ್ಲೈತೆ. ತುಕ್ಕು ಹಿಡಿದೈತೆ. ಇಂಜಿನ್ನಲ್ಲಿರೋದು ಲೋಕಲ್ಲು!”

ಜನ ಬಗ್ಗಿ ನೋಡಿದರು. ಪೆಟ್ಟಿಗೆಯ ಮೇಲೆ ಇಂಗ್ಲಿಷ್ ಅಕ್ಷರ, ಒಳಗೆ ಕೆಂಪು ತುಕ್ಕು, ಮುರಿದ ರಿಂಗು. ಕೆಲವರು ತಮ್ಮ ಡಬ್ಬದ ಕಡೆ ಕೈ ಚಾಚಿದರು. ಲಿಂಗಣ್ಣನ ಎದೆಯಲ್ಲಿ ಮಾತ್ರ ಹನ್ನೊಂದು ವರ್ಷದಲ್ಲಿ ಕಾಣದಂಥ ಹಗುರ. ಹೋದರೆ ಹೋಗಲಿ, ಇನ್ನು ಬಾಗಿಲು ಹಾಕಿ ಮಾತಾಡಬೇಕಾಗಿಲ್ಲ ಅನ್ನಿಸಿತು.

ಆಗ ಸಾಲಿನ ನಡುವಿನಿಂದ ಕೊಂಡಮ್ಮ ಮುಂದೆ ಬಂದಳು. ರಿಂಗು ಮುರಿದದ್ದು ಯಾರು ಎಂಬ ಪ್ರಶ್ನೆ ಇನ್ನೊಂದು ನಿಮಿಷದಲ್ಲಿ ಏಳುತ್ತದೆ ಎಂದು ಅವಳೊಬ್ಬಳಿಗೇ ಹೊಳೆದಿತ್ತು.

“ಇದಲ್ಲ ಕಣ್ರವ್ವ ಅದು!” ಎಂದು ಎದೆ ತಟ್ಟಿಕೊಂಡಳು. “ನಾನೇ ಈ ಕಣ್ಣಾರೆ ಕಂಡಿವ್ನಿ. ಬೆಳ್ಳಿ ತಂಬಿಗೆ ಹೊಳ್ದಂಗೆ ಹೊಳೀತಿತ್ತು. ಸೀಮೆ ಮಾಲು ಒಂದೇ ದಿನಕ್ಕೆ ತುಕ್ಕು ಹಿಡೀತದಾ? ಈ ಹಾಳು ಕಬ್ಬಿಣ ಎಲ್ಲಿಂದಲೋ ತಂದು ಪೆಟ್ಟಿಗೇಲಿ ಇಟ್ಟವ್ರೆ!”

“ಅದೇ ಮತ್ತೆ!” ಎಂದು ಇಡೀ ಸಾಲು ಉಸಿರು ಬಿಟ್ಟಿತು. ಡಬ್ಬದ ಕಡೆ ಚಾಚಿದ ಕೈಗಳು ಹಿಂದೆ ಬಂದವು. ಗುಜರಿ ಪಿಸ್ಟನ್ನು ತಂದು ಒರಿಜಿನಲ್ ಪೆಟ್ಟಿಗೆಯಲ್ಲಿಟ್ಟು ಸರ್ಕಾರಕ್ಕೇ ತೋರಿಸುವ ತಲೆ ಇನ್ಯಾರಿಗಿದೆ ಎಂದು ಗಿರಿಯಪ್ಪ ಲಿಂಗಣ್ಣನಿಗೆ ದೂರದಿಂದಲೇ ಕೈ ಮುಗಿದ.

ವೆಂಕಟರಾಯಪ್ಪನವರು ಕನ್ನಡಕ ಹಾಕಿಕೊಂಡು ರಸೀದಿ ಓದಿದರು. ಅಂಗಡಿಯಲ್ಲಿ ಕೊಂಡವರಿಗೆ ಪರ್ಮಿಟ್ ಯಾತಕ್ಕೆ, ಅದು ಹಡಗಿನಲ್ಲಿ ತರಿಸುವವರಿಗೆ ತಾನೇ ಎಂದರು. ಇಷ್ಟನ್ನು ಮೊದಲೇ ಹೇಳಿದ್ದರೆ ಲಿಂಗಣ್ಣನಿಗೆ ಒಂದು ಸತ್ಯ ಹೇಳುವ ಕಷ್ಟ ತಪ್ಪುತ್ತಿತ್ತು. ಸೈಕಲ್ ಹತ್ತುವ ಮುಂಚೆ ಅವರು ಕಿವಿಯ ಹತ್ತಿರ ಬಗ್ಗಿದರು. “ನಾಕು ಮಾತ್ರಂ ನಿಜಂ ಚೆಪ್ಪು. ಲೋಪಲ ಉಂಡೇದಿ ಒರಿಜಿನಲೇ ಕದಾ?”

ತನಗೊಬ್ಬನಿಗೆ ಮಾತ್ರ ನಿಜ ಹೇಳು, ಒಳಗಿರುವುದು ಒರಿಜಿನಲ್ಲೇ ತಾನೇ ಎಂದು ಸರ್ಕಾರವೇ ಕೇಳಿದಾಗ ಲಿಂಗಣ್ಣ ದೇವರಾಣೆ ಹಾಕಿ ಲೋಕಲ್ಲು ಎಂದ.

“ಸರೇಲೇ, ಸರೇಲೇ” ಎಂದು ಇನ್‌ಸ್ಪೆಕ್ಟರು, ಆಯಿತು ಬಿಡು ಎನ್ನುವಂತೆ, ಕಣ್ಣು ಮಿಟುಕಿಸಿ ಹೋದರು.

ಸಂಜೆ, ಸಂತೆ ಕರಗಿ ಗಿರಣಿ ನಿಂತ ಮೇಲೆ, ಬಾಗಿಲಲ್ಲಿ ಕಂಡವನು ಆದಿನಾರಾಯಣ. ಹನ್ನೊಂದು ವರ್ಷದಲ್ಲಿ ಅವನು ಈ ಹೊಸ್ತಿಲು ತುಳಿದಿರಲಿಲ್ಲ.

“ಲಿಂಗಣ್ಣ, ನನ್ನ ಇಂಜಿನ್ನೂ ಹೊಗೆ ಕಕ್ತಾ ಐತೆ. ಬಿಚ್ಬೇಕು. ಈ ಕಿತ ಯಾವುದು ಹಾಕಿಸ್ಲಿ? ನೀನು ಹೆಂಗೇ ಮಾತಾಡಿರ್ಲಿ, ಕೆಲಸ ಬಲ್ಲೋನು. ಅದಕ್ಕೇ ಬಂದೆ.”

ಲಿಂಗಣ್ಣನಿಗೆ ನಾಚಿಕೆಯಾಯಿತು. ಈ ಮನುಷ್ಯನ ಹಿಟ್ಟಿಗೆ ಎಷ್ಟು ಮನೆಯ ಮುದ್ದೆಯ ಗಂಟು ಕಟ್ಟಿದ್ದೆ ಎಂದು ನೆನೆದ. ಅವನು ಆದಿನಾರಾಯಣನ ಎರಡೂ ಕೈ ಹಿಡಿದುಕೊಂಡ.

“ಲೋಕಲ್ದೇ ಹಾಕ್ಸು ಕಣಪ್ಪ ಆದಿನಾರಾಯಣ. ನನ್ನಪ್ಪನಾಣೆ. ನನ್ನದ್ರಲ್ಲಿ ಇರೋದೂ ಅದೇ. ನಾಳೇನೇ ಹಿಂದೂಪುರಕ್ಕೋಗು, ಅಂಗಡಿ ನಾನು ಹೇಳ್ತೀನಿ. ಬೈರಣ್ಣನ್ನ ಕಳಿಸ್ಕೊಡ್ತೀನಿ. ಎರಡು ದಿನಕ್ಕೆ ಎದ್ದು ನಿಲ್ತದೆ.”

ಆದಿನಾರಾಯಣ ಅವನ ಮುಖವನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಕೈ ಬಿಡಿಸಿಕೊಂಡು, “ಆಯ್ತು, ಹೋಯ್ತೀನಿ” ಎಂದು ಹೊರಟ. ಅವತ್ತು ಲಿಂಗಣ್ಣ ಒಂದು ಮುದ್ದೆ ಜಾಸ್ತಿ ಉಂಡ. ಒಳ್ಳೆಯ ಕೆಲಸ ಮಾಡಿದರೆ ಹಸಿವಾಗುತ್ತದೆ ಎಂದು ಹೆಂಡತಿಗೂ ಹೇಳಿದ.

ಎರಡು ದಿನ ಹೋಯಿತು, ಎರಡು ವಾರ ಹೋಯಿತು. ಬಸ್ ಸ್ಟ್ಯಾಂಡಿನ ಕಡೆಯಿಂದ ಟುಕ್ ಟುಕ್ ಸದ್ದಿಲ್ಲ. ಆ ಕಡೆಯ ಡಬ್ಬಗಳೆಲ್ಲ ಈ ಕಡೆ ಬಂದು ಲಿಂಗಣ್ಣನಿಗೆ ಊಟಕ್ಕೆ ಹೋಗಲೂ ಪುರುಸೊತ್ತಿಲ್ಲ. ಒಂದು ದಿನ ಸಾಲಿನಲ್ಲಿ ನೋಡಿದರೆ, ತಲೆಯ ಮೇಲೆ ರಾಗಿ ಡಬ್ಬ ಹೊತ್ತು ನಿಂತಿದ್ದಾಳೆ ಆದಿನಾರಾಯಣನ ಹೆಂಡತಿ ರಂಗಲಕ್ಷ್ಮಮ್ಮ.

ಲಿಂಗಣ್ಣ ಓಡಿಬಂದ. “ಇದೇನಮ್ಮ ತಾಯಿ, ನೀವು ಇಲ್ಲಿ? ಗಿರಣಿ ಇನ್ನೂ ಎದ್ದಿಲ್ವಾ? ಲೋಕಲ್ದು ಹಾಕ್ಸು ಅಂತ ನಾನು ಅಷ್ಟು ಹೇಳಿದ್ನಲ್ಲ!”

“ನೀವು ಹಂಗಂದಿದ್ಕೇ ಕಣಣ್ಣಯ್ಯ, ನಮ್ಮೋರು ಅವತ್ತೇ ಮದ್ರಾಸ್ ಗಾಡಿ ಹತ್ತಿದ್ದು” ಎಂದಳು ರಂಗಲಕ್ಷ್ಮಮ್ಮ. “ಹಿಂದೂಪುರದಲ್ಲಿದ್ದ ಒಂದು ಒರಿಜಿನಲ್ಲೂ ನೀವೇ ತಂದ್ರಲ್ಲ, ಅದಕ್ಕೇ ಅಲ್ಲಿ ಒರಿಜಿನಲ್ಲಿಗೆ ಬರೆದು ಬಂದವ್ರೆ. ಹಡಗು ಬರೋಕೆ ಆರು ತಿಂಗ್ಳಂತೆ.”

ಲಿಂಗಣ್ಣ ಬಾಯಿ ತೆರೆದ. ಸಾಲಿನಲ್ಲಿದ್ದವರೆಲ್ಲ ಅವನು ಈಗ ಏನು ಹೇಳುತ್ತಾನೋ ಎಂದು ಕಿವಿ ನೆಟ್ಟಗೆ ಮಾಡಿಕೊಂಡರು. ಅವನು ಬಾಯಿ ಮುಚ್ಚಿ, ಅವಳ ತಲೆಯ ಮೇಲಿನ ಡಬ್ಬ ಇಳಿಸಿಕೊಂಡು, ರಾಗಿಯನ್ನು ಎಲ್ಲರಿಗಿಂತ ಮುಂಚೆ ಗಿರಣಿಗೆ ಸುರಿದ.